ಒಂದು ಹಲ್ಲಿನ ಅಂತರ

ಮುನಿಆಂಜಿನಪ್ಪನವರ ಕಾರನ್ನು ಅವರದೇ ಟ್ರ್ಯಾಕ್ಟರು ಎಳೆದುಕೊಂಡು ಬಂದ ದಿನ ಹೆಬ್ಬಾಳದ ಬಳ್ಳಾರಿ ರಸ್ತೆಯಲ್ಲಿ ನಗದವರೇ ಇರಲಿಲ್ಲ. ತಣಿಸಂದ್ರದ ಕಡೆ ದ್ರಾಕ್ಷಿ ತೋಟ ಮಾಡಿ ನಾಲ್ಕು ಕಾಸು ಕಂಡಿದ್ದ ಮುನಿಆಂಜಿನಪ್ಪ, ತನ್ನ ದೇಶಕ್ಕೆ ಹೊರಟಿದ್ದ ಪರದೇಶದ ಎಂಜಿನಿಯರೊಬ್ಬನಿಂದ ಆ ಬಿಳಿ ಕಾರನ್ನು ಕೊಂಡಿದ್ದರು. ಅವರ ಊರಿಗೆ ಅದೇ ಮೊದಲ ಕಾರು. ಹೆಂಡತಿ ಸುಬ್ಬಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಯಲಹಂಕಕ್ಕೆ ಹೋಗಿ ಬಂದಾಗ ಊರಿನವರು ಜಗಲಿಯಿಂದ ಎದ್ದು ನಿಂತು ನೋಡಿದ್ದರು. ಈಗ ಅದೇ ಕಾರಿನ ಮೂತಿಗೆ ಬಾವಿಯ ಹಗ್ಗ ಕಟ್ಟಿತ್ತು. ಸ್ಟೀರಿಂಗ್ ಹಿಡಿದು ಕೂತಿದ್ದ ಆಂಜಿನಪ್ಪ ಅತ್ತ ಇತ್ತ ನೋಡದೆ ಮುಂದಿನ ಟ್ರ್ಯಾಕ್ಟರಿನ ಚಕ್ರವನ್ನೇ ದಿಟ್ಟಿಸುತ್ತಿದ್ದರು.

ಲಾಲ್ ಸಾಬರ ಗ್ಯಾರೇಜಿನ ಮುಂದೆ ಹಗ್ಗ ಬಿಚ್ಚಿದರು. ಗ್ಯಾರೇಜು ಎಂದರೆ ಹುಣಸೆಮರದ ಕೆಳಗೆ ತಗಡು ಹೊದಿಸಿದ ಒಂದು ಚಪ್ಪರ, ಪಕ್ಕದಲ್ಲಿ ಸಾಮಾನಿಡುವ ಕೋಣೆ, ಅಷ್ಟೇ. ಆದರೆ ದೇವನಹಳ್ಳಿಯಿಂದ ಮೇಖ್ರಿ ಸರ್ಕಲ್‌ವರೆಗೆ ಜೀಪು, ಅಂಬಾಸಿಡರು ಓಡಿಸುವವರಿಗೆಲ್ಲ ಆ ಚಪ್ಪರ ಗೊತ್ತಿತ್ತು.

"ಓಡ್ತಾ ಓಡ್ತಾನೇ ನಿಂತೋಯ್ತು ಸಾಬ್ರೇ," ಎಂದರು ಆಂಜಿನಪ್ಪ. "ಟಪ್ ಅಂತ ಒಂದ್ ಸದ್ದು. ಆಮೇಕೆ ಉಸ್ರೇ ಇಲ್ಲ. ಸಿಟಿ ಒಳಗೆ ದೊಡ್ಡ ವರ್ಕ್‌ಶಾಪ್‌ಗೆ ತೋರಿಸ್ದೆ. ಇದರ ಸಾಮಾನು ಈ ದೇಶದಾಗೇ ಸಿಗಾಕಿಲ್ಲ, ಗುಜರಿಗೆ ಆಕಿ ಅಂದ್ರು."

"ನೀವೇನಂದ್ರಿ?"

"ನಾನೇನನ್ಲಿ? ಇಂಗೆ ಹಗ್ಗ ಕಟ್ಕೊಂಡು ನಿಮ್ ತಾವ ಬಂದೆ."

ಲಾಲ್ ಸಾಬರು ನಕ್ಕರು. "ಹಗ್ಗದಲ್ಲಿ ಬಂದ ಗಾಡಿ ಇಲ್ಲಿಂದ ಹಗ್ಗದಲ್ಲಿ ಹೋಗಿಲ್ಲ ಯಜಮಾನ್ರೇ. ಇಳೀರಿ, ಚಾ ಕುಡೀರಿ."

ಆ ಮಾತು ಆಡುವಾಗ ಅವರಿಗೆ ಎಂಜಿನ್ನಿನ ಒಳಗೇನಿದೆ ಎಂದು ಗೊತ್ತಿರಲಿಲ್ಲ. ಎಂಜಿನ್ನಿನ ಮುಂಭಾಗದ ಮುಚ್ಚಳ ಬಿಚ್ಚಿದಾಗ ಅವರ ಕೈ ಅಲ್ಲೇ ನಿಂತಿತು. ಅವರು ಅದುವರೆಗೆ ಬಿಚ್ಚಿದ ಎಂಜಿನ್ನುಗಳಲ್ಲೆಲ್ಲ ಅಲ್ಲಿ ಉಕ್ಕಿನ ಚೈನು ಇರುತ್ತಿತ್ತು. ಕೆಳಗಿನ ಕ್ರ್ಯಾಂಕು ತಿರುಗಿದಂತೆ ಮೇಲಿನ ವಾಲ್ವುಗಳು ಹೊತ್ತು ಹೊತ್ತಿಗೆ ತೆರೆದು ಮುಚ್ಚುವಂತೆ ಮಾಡುವುದು ಆ ಚೈನಿನ ಕೆಲಸ. ಇಲ್ಲಿ ಚೈನೇ ಇರಲಿಲ್ಲ. ಒಳಮೈಯಲ್ಲಿ ಸಾಲಾಗಿ ಹಲ್ಲುಗಳಿದ್ದ ಒಂದು ರಬ್ಬರ್ ಬೆಲ್ಟು ಹರಿದು ಚಿಂದಿಯಾಗಿ ಬಿದ್ದಿತ್ತು.

ಎಂಜಿನ್ನಿನ ಮೇಲ್ಭಾಗದ ಹೆಡ್ ಕಳಚಿ ಮೇಲೆತ್ತಿದಾಗ ಉಳಿದದ್ದೂ ಕಂಡಿತು. ಬೆಲ್ಟು ಹರಿದ ಗಳಿಗೆಯಲ್ಲಿ ತೆರೆದಿದ್ದ ವಾಲ್ವುಗಳು ತೆರೆದಂತೆಯೇ ನಿಂತುಬಿಟ್ಟಿದ್ದವು, ಕೆಳಗಿಂದ ಓಡಿಬಂದ ಪಿಸ್ಟನ್ನುಗಳು ಅವುಗಳಿಗೆ ಗುದ್ದಿದ್ದವು. ವಾಲ್ವುಗಳ ಕಾಂಡ ಸೊಟ್ಟಗಾಗಿತ್ತು. ಪಿಸ್ಟನ್ನಿನ ತಲೆಯ ಮೇಲೆ ಉಗುರಿನಿಂದ ಗೀರಿದಂಥ ಅರ್ಧಚಂದ್ರದ ಗುರುತು. ಲಾಲ್ ಸಾಬರು ಆ ಗುರುತಿನ ಮೇಲೆ ಹೆಬ್ಬೆರಳು ಆಡಿಸಿದರು. ಬಿರುಕಿರಲಿಲ್ಲ. ಅಷ್ಟು ಸಾಕಾಯಿತು ಅವರಿಗೆ.

"ಜೀವ ಐತಾ?" ಆಂಜಿನಪ್ಪ ಕೇಳಿದರು.

"ಹಲ್ಲು ಉದುರಿದೆ, ಮೂಳೆ ಗಟ್ಟಿ ಇದೆ. ಬಿಟ್ಟು ಹೋಗಿ."

ವಾಲ್ವುಗಳ ವಿಷಯದಲ್ಲಿ ಅವರಿಗೆ ಹೆದರಿಕೆ ಇರಲಿಲ್ಲ. ಯಶವಂತಪುರದಲ್ಲಿ ಲೇತ್ ಇಟ್ಟುಕೊಂಡಿದ್ದ ಬೈರಣ್ಣ ಹಳೆಯ ದೋಸ್ತು. ಟ್ರ್ಯಾಕ್ಟರಿನ ಹೊಸ ವಾಲ್ವುಗಳನ್ನು ಅವನ ಮುಂದಿಟ್ಟು, ಸೊಟ್ಟಗಾಗಿರದ ಒಂದು ಹಳೆಯದನ್ನು ಮಾದರಿಗೆ ಕೊಟ್ಟರು. ಬೈರಣ್ಣ ಗೊಣಗುತ್ತಲೇ ಲೇತಿಗೆ ಹಾಕಿ ತಿರುಗಿಸಿ, ತೆಳ್ಳಗೆ ತೆಗೆದು, ಉದ್ದ ಕತ್ತರಿಸಿ, ಮಾದರಿಯ ಜೊತೆ ಬೆರೆಸಿ ಇಟ್ಟರೆ ಯಾವುದು ಹೊಸದೆಂದು ಹೊಳಪಿನಿಂದ ಮಾತ್ರ ತಿಳಿಯುವಂತೆ ಮಾಡಿಕೊಟ್ಟ. ಲಾಲ್ ಸಾಬರು ಒಂದೊಂದು ವಾಲ್ವನ್ನೂ ಅದರ ಜಾಗದಲ್ಲಿ ಕೂರಿಸಿ, ಪೇಸ್ಟು ಹಚ್ಚಿ, ಅಂಗೈಗಳ ನಡುವೆ ಮಜ್ಜಿಗೆ ಕಡೆದ ಹಾಗೆ ಉಜ್ಜಿದರು. ಸೋರುತ್ತದೆಯೇ ಎಂದು ನೋಡಲು ಮೇಲೆ ಸೀಮೆಎಣ್ಣೆ ಸುರಿದಿಟ್ಟು, ಚಾ ತರಿಸಿ ಕುಡಿದರು. ಲೋಟ ಖಾಲಿಯಾದರೂ ಕೆಳಗೆ ಒಂದು ಹನಿ ಜಿನುಗಿರಲಿಲ್ಲ. ಹೆಡ್ಡಿನ ಕೆಳಗೆ ಹಾಸುವ ಗ್ಯಾಸ್ಕೆಟ್ಟನ್ನು ತಾಮ್ರದ ತಗಡಿನಲ್ಲಿ ತಾವೇ ಕತ್ತರಿಸಿದರು.

ಬೆಲ್ಟು ಮಾತ್ರ ಎಲ್ಲೂ ಸಿಗಲಿಲ್ಲ. ಜೆ.ಸಿ. ರೋಡಿನ ಮೋಟಾರು ಸಾಮಾನಿನ ಅಂಗಡಿಗಳಲ್ಲಿ ಹರಿದ ಚೂರನ್ನು ತೋರಿಸಿದರೆ, ಇದೇನು ಹಿಟ್ಟಿನ ಗಿರಣಿಯದೇ ಎಂದು ಕೇಳಿದರು.

ಆ ಸಂಜೆ ಆರ್.ಟಿ. ನಗರದ ಮನೆಯಲ್ಲಿ ಆ ಚಿಂದಿಯನ್ನು ಒಂದು ತಟ್ಟೆಯಲ್ಲಿಟ್ಟುಕೊಂಡು ಲಾಲ್ ಸಾಬರು ತಿರುವಿ ತಿರುವಿ ನೋಡುತ್ತಿದ್ದರು. ಮಗಳು ಸುಗ್ರಾ ಕಾರ್ಖಾನೆಯ ಬಸ್ಸಿಳಿದು ಬಂದವಳು ಬುರ್ಖಾ ತೆಗೆದು ಮೊಳೆಗೆ ಹಾಕಿ, ಅಪ್ಪನ ಎದುರು ಕೂತಳು. ಅವಳು ಜಾಲಹಳ್ಳಿಯ ಗಡಿಯಾರ ಕಾರ್ಖಾನೆಯಲ್ಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಸಾಸಿವೆಗಿಂತ ಸಣ್ಣ ಚಕ್ರಗಳನ್ನು ಚಿಮಟದಲ್ಲಿ ಹಿಡಿದು ಕೂರಿಸುವ ಕೆಲಸದಲ್ಲಿದ್ದಳು. ಕೆಲಸ ಸಿಕ್ಕಾಗ ಅವಳ ಸೋದರಮಾವ ಮೊಯಿನುದ್ದೀನ್, ಮನೆತನದಲ್ಲಿ ಇಲ್ಲದ್ದನ್ನು ಮಾಡಬೇಡಿ ಎಂದು ಜಗಳವಾಡಿ ಹೋಗಿದ್ದರು. ಲಾಲ್ ಸಾಬರು ಮರುದಿನ ಬೆಳಿಗ್ಗೆ ಮಗಳನ್ನು ಬಸ್ ಸ್ಟಾಪಿಗೆ ತಾವೇ ಕರೆದುಕೊಂಡು ಹೋಗಿದ್ದರು.

ಸುಗ್ರಾ ತಟ್ಟೆಯಲ್ಲಿದ್ದ ಚೂರನ್ನು ಎತ್ತಿ ಹಲ್ಲುಗಳನ್ನು ಬೆಳಕಿಗೆ ಹಿಡಿದಳು.

"ಇಂಥದ್ದು ನಮ್ಮ ಮಿಷಿನ್‌ಗಳಲ್ಲಿ ಓಡುತ್ತೆ ಅಬ್ಬಾ."

"ಅಲ್ಲಿಂದ ಒಂದು ದಾರದ ಎಳೆ ಕೂಡ ತರಬೇಡ ಮಗಳೇ."

"ತರ್ತೀನಿ ಅಂತ ಯಾರು ಹೇಳಿದ್ರು? ಎಲ್ಲಿ ಮಾರ್ತಾರೆ ಅಂತ ಕೇಳ್ಕೊಂಡು ಬರ್ತೀನಿ."

ಕೇಳಿಕೊಂಡು ಬಂದಳು. ರಜೆಯ ದಿನ ನೋಡಿ ಅಪ್ಪ ಮಗಳು ಎಸ್.ಪಿ. ರೋಡಿಗೆ ಹೋದರು. ಕಾರ್ಖಾನೆಗಳ ಯಂತ್ರಕ್ಕೆ ಸಾಮಾನು ಮಾರುವ ಒಂದು ಕತ್ತಲೆ ಅಂಗಡಿಯಲ್ಲಿ ಹಲ್ಲಿನ ಬೆಲ್ಟುಗಳು ಹಾರಗಳಂತೆ ತೂಗುತ್ತಿದ್ದವು. ಸುಗ್ರಾ ಹಳೆಯ ಬೆಲ್ಟಿನ ಚೂರುಗಳನ್ನು ನೆಲದ ಮೇಲೆ ಒಂದಕ್ಕೊಂದು ಜೋಡಿಸಿ ಹಲ್ಲುಗಳನ್ನು ಎಣಿಸಿದಳು. ಅಂಗಡಿಯವನು ಬೇಸತ್ತು ನಿಟ್ಟುಸಿರು ಬಿಟ್ಟರೂ ಬಿಡದೆ ಮತ್ತೊಮ್ಮೆ ಎಣಿಸಿದಳು. ಅಷ್ಟೇ ಹಲ್ಲಿನ, ಅದೇ ಅಳತೆಯ ಬೆಲ್ಟು ಸಿಕ್ಕಿತು, ಅಗಲ ಮಾತ್ರ ಹೆಚ್ಚಿತ್ತು. ಹೆಚ್ಚಿನ ಅಗಲವನ್ನು ಲಾಲ್ ಸಾಬರು ಚಮ್ಮಾರರ ರಂಪಿಯಿಂದ ಗೆರೆ ಎಳೆದ ಹಾಗೆ ಸೀಳಿ ತೆಗೆದರು.

ಎಂಜಿನ್ನು ಕೂಡಿಸಿದ ದಿನ ಆಂಜಿನಪ್ಪ ಹೊಸ ಪಂಚೆ ಉಟ್ಟು ಬಂದಿದ್ದರು. ಸುಬ್ಬಮ್ಮನೂ ಬುಟ್ಟಿ ತುಂಬ ದ್ರಾಕ್ಷಿ ತಂದಿದ್ದಳು. ರಸ್ತೆಯಲ್ಲಿ ಹೋಗುವವರು ನಾಲ್ಕಾರು ಜನ ನಿಂತರು. ಲಾಲ್ ಸಾಬರು ಬೆಲ್ಟು ಸುತ್ತುವ ಮೇಲಿನ ಹಲ್ಲುಗಾಲಿಯ ಮೇಲೆ ಕೆತ್ತಿದ್ದ ಗುರುತನ್ನೂ ಕೆಳಗಿನ ಗಾಲಿಯ ಗುರುತನ್ನೂ ಸರಿಯಾಗಿ ನಿಲ್ಲಿಸಿ, ಬೆಲ್ಟು ಏರಿಸಿ, ಬಿಗಿ ಮಾಡಿ, ಬಿಸ್ಮಿಲ್ಲಾ ಎಂದು ಕೀ ತಿರುಗಿಸಿದರು.

ಎಂಜಿನ್ನು ಸ್ಟಾರ್ಟ್ ಆಯಿತು. ಜನ ಹೋ ಎಂದರು. ಆಂಜಿನಪ್ಪನ ಕಣ್ಣಲ್ಲಿ ನೀರಾಡಿತು.

"ಗೆದ್ರಿ ಸಾಬ್ರೇ! ಈಗ್ಲೇ ಆ ಸಿಟಿ ವರ್ಕ್‌ಶಾಪ್ ಮುಂದೆ ಒಂದ್ ಸುತ್ತು ಒಡ್ಕೊಂಡ್ ಬತ್ತೀನಿ."

ಲಾಲ್ ಸಾಬರು ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನಿಂತಿದ್ದರು. ಎಂಜಿನ್ನು ಓಡುತ್ತಿತ್ತು ನಿಜ, ಆದರೆ ಮೆಟ್ಟಿಲು ಹತ್ತಿ ದಣಿದವರ ಉಸಿರಿನಂತೆ ಅಲ್ಲಲ್ಲಿ ತಡವರಿಸುತ್ತಿತ್ತು. ಆಕ್ಸಿಲರೇಟರು ಒತ್ತಿದರೆ ಸದ್ದು ಏರುತ್ತಿತ್ತು, ಬಲ ಏರುತ್ತಿರಲಿಲ್ಲ. ಅವರು ಕೈ ಚಾಚಿ ಆರಿಸಿ, ಕೀಯನ್ನು ಜೇಬಿಗೆ ಹಾಕಿಕೊಂಡರು.

"ಯಾಕ್ ಸಾಬ್ರೇ? ಓಡ್ತಾ ಐತಲ್ಲ!"

"ಓಡ್ತಾ ಇದೆ. ಸರಿಯಾಗಿ ಓಡ್ತಿಲ್ಲ. ಇವತ್ತು ಕೊಡಲ್ಲ ಯಜಮಾನ್ರೇ, ಬೇಜಾರು ಮಾಡ್ಕೋಬೇಡಿ. ಈ ಸದ್ದಿಗೆ ನನ್ನ ಹೆಸರು ಹೇಳ್ಬೇಡಿ."

ನಿಂತಿದ್ದ ಜನ ಮುಖ ಮುಖ ನೋಡಿಕೊಂಡರು. ಮುದುಕನಿಗೆ ಅಹಂಕಾರ ಎಂದು ಯಾರೋ ಅಂದದ್ದು ಕೇಳಿಸಿತು. ಸುಬ್ಬಮ್ಮ ಮಾತ್ರ ಗಂಡನ ಕೈ ಹಿಡಿದು, "ಅವ್ರು ಬ್ಯಾಡ ಅಂದ್ಮೇಲೆ ಬ್ಯಾಡ. ನಡೀರಿ, ಬಸ್ಸಲ್ಲಿ ಹೋಗಾನ," ಎಂದಳು. ದ್ರಾಕ್ಷಿ ಬುಟ್ಟಿಯನ್ನು ಅಲ್ಲೇ ಬಿಟ್ಟು ಹೋದಳು.

ಮನೆಯಲ್ಲಿ ಲಾಲ್ ಸಾಬರು ನಡೆದದ್ದನ್ನೆಲ್ಲ ಮಗಳಿಗೆ ಹೇಳಿದರು. ಸುಗ್ರಾ ಬೆಲ್ಟು ಏರಿಸಿದ ಬಗೆಯನ್ನು ಕೇಳಿದಳು, ಮತ್ತೆ ಮತ್ತೆ ಕೇಳಿದಳು. ಕೊನೆಗೆ, "ನಾಳೆ ನನಗೆ ರಜ. ನಾನೂ ಬಂದು ನೋಡ್ತೀನಿ," ಎಂದಳು.

ಲಾಲ್ ಸಾಬರು ಮಗಳ ಬೆರಳುಗಳನ್ನು ನೋಡಿದರು. ಇಷ್ಟು ವರ್ಷ ಎಂಜಿನ್ನಿನ ಮುಂದೆ ಅವರಿಗೆ ಯಾರೂ ಏನನ್ನೂ ಹೇಳಿಕೊಟ್ಟಿರಲಿಲ್ಲ. "ಬಾ," ಎಂದರು.

ಬೆಳಿಗ್ಗೆ ಸುಗ್ರಾ ತೋಳು ಮಡಚಿ ಎಂಜಿನ್ನಿನ ಮೇಲೆ ಬಾಗಿದಾಗ ಮೊಯಿನುದ್ದೀನ್ ರಸ್ತೆಯ ಆಚೆ ಸೈಕಲ್ ನಿಲ್ಲಿಸಿ ಬಂದರು. ಸಿಟ್ಟಿನಿಂದ ಮುಖ ಕೆಂಪಾಗಿತ್ತು.

"ಭಾಯಿ, ಕಾರ್ಖಾನೆ ಸಾಲದು ಅಂತ ಈಗ ಬೀದಿ ಗ್ಯಾರೇಜಾ? ನೋಡಿದವರು ಏನಂತಾರೆ?"

"ಲಾಲ್ ಸಾಬನ ಮಗಳು ಎಂಜಿನ್ ಕಟ್ತಾಳೆ ಅಂತಾರೆ," ಎಂದರು ಲಾಲ್ ಸಾಬರು. ದನಿ ಏರಿಸಲಿಲ್ಲ. "ನಿಂತಿದ್ದೀಯಲ್ಲ, ಆ ಬ್ಯಾಟರಿ ಲೈಟ್ ಹಿಡ್ಕೋ. ಇಲ್ಲಿ ಕತ್ತಲೆ."

ಮೊಯಿನುದ್ದೀನ್ ಏನು ಮಾಡಬೇಕೆಂದು ತೋಚದೆ ಲೈಟು ಹಿಡಿದರು.

ಸುಗ್ರಾ ಸ್ಪ್ಯಾನರ್ ಹಾಕಿ ಕ್ರ್ಯಾಂಕನ್ನು ಕೈಯಲ್ಲೇ ಮೆಲ್ಲಗೆ ತಿರುಗಿಸಿ, ಗುರುತುಗಳು ಮತ್ತೆ ಒಂದೆಡೆ ಬರುತ್ತವೆಯೇ ಎಂದು ನೋಡಿದಳು. ಕೆಳಗಿನ ಗುರುತು ತನ್ನ ಜಾಗಕ್ಕೆ ಬಂತು, ಮೇಲಿನದು ಒಂದು ಹಲ್ಲಿನಷ್ಟು ಹಿಂದೆ ಉಳಿದಿತ್ತು.

"ಅಬ್ಬಾ, ಇಲ್ಲಿ ನೋಡಿ. ನೀವು ಏರಿಸುವಾಗ ಎರಡೂ ಸರಿಯಾಗೇ ಇತ್ತು. ಆದರೆ ಕೆಳಗಿನ ಗಾಲಿ ಎಳೆಯೋ ಕಡೆ ಬೆಲ್ಟು ಸ್ವಲ್ಪ ಸಡಿಲ ಉಳಿದಿತ್ತು. ಎಂಜಿನ್ ತಿರುಗಿದ ಕೂಡಲೇ ಕೆಳಗಿನದು ಮುಂದೆ ಹೋಯ್ತು, ಮೇಲಿನದು ತಡವಾಗಿ ಹೊರಟಿತು."

ಲಾಲ್ ಸಾಬರಿಗೆ ತಟ್ಟನೆ ಅರ್ಥವಾಯಿತು. ಚೈನಾದರೆ ಗಾಲಿಗಳ ಸಮೇತ ಒಟ್ಟಿಗೆ ಕೂರಿಸುವುದು, ಸಡಿಲ ಉಳಿಯುವ ಪ್ರಶ್ನೆಯೇ ಇಲ್ಲ. ಅವರು ಬೆಲ್ಟಿಗೂ ಚೈನಿನ ನಿಯಮವನ್ನೇ ಹಚ್ಚಿದ್ದರು. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಮಗಳು 'ಇಲ್ಲಿ ನೋಡಿ' ಎಂದು ತೋರಿಸಿದ ಬೆರಳು ಒಂದಿಷ್ಟೂ ನಡುಗದೆ ನಿಂತಿದ್ದನ್ನೇ ಅವರು ನೋಡುತ್ತಿದ್ದರು.

"ನೀನೇ ಹಾಕು," ಎಂದರು. "ನಾನು ಮೇಲಿನ ಗಾಲಿ ಅಲುಗದ ಹಾಗೆ ಹಿಡೀತೀನಿ."

ಅವರ ದಪ್ಪ ಬೆರಳುಗಳು ಗಾಲಿಯನ್ನು ಬಂಡೆಯಂತೆ ಹಿಡಿದವು. ಅವಳ ಸಣ್ಣ ಬೆರಳುಗಳು ಎಳೆಯುವ ಕಡೆಯನ್ನು ಮೊದಲು ಬಿಗಿಯಾಗಿ ಕೂರಿಸಿ, ಸಡಿಲವನ್ನೆಲ್ಲ ಹಿಂಬದಿಗೆ ತಳ್ಳಿ, ಅಲ್ಲಿ ಬಿಗಿ ಮಾಡಿದವು. ಮತ್ತೆ ಕೈಯಲ್ಲೇ ತಿರುಗಿಸಿದರು. ಗುರುತುಗಳು ಎರಡೂ ಒಟ್ಟಿಗೆ ಬಂದು ನಿಂತವು. ಲೈಟು ಹಿಡಿದಿದ್ದ ಮೊಯಿನುದ್ದೀನ್ ತಮಗೆ ಅರಿವಿಲ್ಲದೆ "ಮಾಷಾಲ್ಲಾ" ಎಂದರು.

ಆಂಜಿನಪ್ಪ ಬಸ್ಸಿಳಿದು ಬರುವ ಹೊತ್ತಿಗೆ ಎಂಜಿನ್ನು ಓಡುತ್ತಿತ್ತು. ಎಷ್ಟು ಮೆತ್ತಗೆ ಓಡುತ್ತಿತ್ತೆಂದರೆ ಅವರು ಹತ್ತಿರ ಬಂದು, "ಇನ್ನೂ ಸ್ಟಾರ್ಟ್ ಮಾಡಿಲ್ವಾ?" ಎಂದು ಕೇಳಿದರು. ಲಾಲ್ ಸಾಬರು ಅವರ ಕೈ ಹಿಡಿದು ಬಾನೆಟ್ಟಿನ ಮೇಲಿಟ್ಟರು. ಆಂಜಿನಪ್ಪ ಇನ್ನೊಂದು ಕೈಯನ್ನೂ ತಂದು ಅದರ ಪಕ್ಕದಲ್ಲಿಟ್ಟರು.

"ಇದು ನಮ್ಮ ಸುಗ್ರಾ ಕೂರಿಸಿದ್ದು," ಎಂದರು ಲಾಲ್ ಸಾಬರು, ರಸ್ತೆಯ ಆಚೆಗೂ ಕೇಳಿಸುವ ಹಾಗೆ. "ವಾಲ್ವ್ ನನ್ನದು, ಟೈಮಿಂಗ್ ಅವಳದು. ಯಾರಾದ್ರೂ ಕೇಳಿದ್ರೆ ಎರಡು ಹೆಸರೂ ಹೇಳಿ."

"ಯಾವ ತಾವ ಕೇಳಿದ್ರೂ ಏಳ್ತೀನಿ. ಕೇಳ್ದೆ ಇದ್ರೂ ಏಳ್ತೀನಿ. ಹತ್ತವ್ವ ತಾಯಿ ಗಾಡಿ, ಮೊದಲ್ನೇ ಸುತ್ತು ನಿಂದೇಯ!"

ಸುಗ್ರಾ ಮುಂದಿನ ಸೀಟಿನಲ್ಲಿ ಕೂತಳು. ಅಪ್ಪನೂ ಸೋದರಮಾವನೂ ಹಿಂದೆ. ಕಾರು ಹುಣಸಮಾರನಹಳ್ಳಿಯವರೆಗೂ ಹೋಯಿತು. ದಾರಿಯಲ್ಲಿ ಯಲಹಂಕದ ಏರು ಬಂದಾಗ ಲಾಲ್ ಸಾಬರು ಕಣ್ಣು ಮುಚ್ಚಿ ಆಲಿಸಿದರು. ಗೇರು ಇಳಿಸದೆಯೇ ಕಾರು ಹತ್ತಿತು. ಕಣ್ಣು ತೆರೆದರೆ ಮಗಳು ಹಿಂದಕ್ಕೆ ತಿರುಗಿ ಅವರನ್ನೇ ನೋಡುತ್ತಿದ್ದಳು. ಅವರು ತಲೆಯಾಡಿಸಿದರು, ಅಷ್ಟೇ.

ಸಂಜೆ ಮನೆಯ ಹಿತ್ತಲಲ್ಲಿ ಹೆಂಡತಿ ತಾಹೆರಾ, ನಾಳೆ ಈ ಕರಿ ಉಗುರು ಇಟ್ಟುಕೊಂಡು ಗಡಿಯಾರ ಮುಟ್ಟಿದರೆ ಕಾರ್ಖಾನೆಯವರು ಮನೆಗೆ ಕಳಿಸುತ್ತಾರೆ ಎಂದು ರೇಗುತ್ತಿದ್ದಳು. ಲಾಲ್ ಸಾಬರು ಬಟ್ಟಲಿಗೆ ಸೀಮೆಎಣ್ಣೆ ಹಾಕಿಕೊಂಡು ಬಂದು ಮಗಳ ಎದುರು ಕುಕ್ಕರುಗಾಲಲ್ಲಿ ಕೂತರು. ಬಟ್ಟೆಯ ತುದಿ ಅದ್ದಿ ಒಂದೊಂದೇ ಬೆರಳನ್ನು ಉಜ್ಜತೊಡಗಿದರು. ಅವಳು ಚಿಕ್ಕವಳಿದ್ದಾಗಲೂ ಅವರು ಹೀಗೆ ಕೈ ತೊಳೆಸಿರಲಿಲ್ಲ.

"ನಾನೇ ಮಾಡ್ಕೋತೀನಿ ಅಬ್ಬಾ."

"ಸುಮ್ಮನಿರು. ಗ್ರೀಸು ತೆಗೆಯೋದರಲ್ಲಿ ನನಗಿಂತ ನೀನು ಹೆಚ್ಚಾ?"

ಸುಗ್ರಾ ನಕ್ಕು ಇನ್ನೊಂದು ಕೈಯನ್ನೂ ಮುಂದೆ ಚಾಚಿದಳು.