ಎದುರಿನ ಪೀಠ

ಎರಡು ಕಲ್ಲಿನ ಪೀಠಗಳು. ಒಂದು ದಕ್ಷಿಣಕ್ಕೆ, ಒಂದು ಉತ್ತರಕ್ಕೆ. ನಡುವೆ ಎಂಟು ಹೆಜ್ಜೆಗಳಷ್ಟು ಬರಿಯ ನೆಲ. ಪಶ್ಚಿಮದ ಗೋಡೆಯಲ್ಲಿ, ಆಳೆತ್ತರಕ್ಕಿಂತ ಮೇಲೆ, ಅಂಗೈಯಗಲದ ಒಂದು ಕಿಂಡಿ. ಅದರೊಳಗಿಂದ ಇಳಿದ ಮೇ ತಿಂಗಳ ಬಿಸಿಲು ನೆಲದ ಮೇಲೆ ಉದ್ದಕ್ಕೆ ಮಲಗಿದೆ. ಎರಡು ಪೀಠಗಳಲ್ಲಿ ಯಾವುದನ್ನೂ ಮುಟ್ಟಿಲ್ಲ. ದಕ್ಷಿಣದ ಪೀಠದ ಮೇಲೆ ಬಟ್ಟೆಯಲ್ಲಿ ಸುತ್ತಿದ ದಪ್ಪ ಪುಸ್ತಕ. ಉತ್ತರದ ಪೀಠದ ಮೇಲೂ ಅಂಥದೇ ಪುಸ್ತಕ, ಅಂಥದೇ ಬಟ್ಟೆ. ಪೀಠಗಳ ಅಂಚು ಮೊಣಕೈಗಳು ಊರಿ ಊರಿ ನುಣುಪಾಗಿ, ಒಂದೆರಡು ಕಡೆ ತುಸು ತಗ್ಗಾಗಿದೆ. ಸಾವಿರದ ನಾನೂರು ವರ್ಷಗಳ ಮೊಣಕೈಗಳು. ಗಾಳಿಯಿಲ್ಲ. ದೀಪ ಹಚ್ಚಿಲ್ಲ. ಧೂಳಿನ ಕಣಗಳು ಬಿಸಿಲಿನೊಳಗೆ ಬಂದು, ತಮ್ಮನ್ನು ಯಾರೋ ಕರೆದಂತೆ ಕ್ಷಣ ನಿಂತು, ಮತ್ತೆ ಕತ್ತಲಿಗೆ ಹೊರಳುತ್ತವೆ.

ಸಾವ್ಮೆ ಇಗರ್ಜಿಯ ಬಾಗಿಲಿನ ಪಕ್ಕದ ತನ್ನ ಜಾಗದಲ್ಲಿ ನಿಂತು ಇದನ್ನು ನೋಡುತ್ತಿದ್ದ. ಅದು ಅವನ ಜಾಗವೆಂದು ಯಾರೂ ಗೆರೆ ಎಳೆದಿರಲಿಲ್ಲ. ಆದರೂ ಇಪ್ಪತ್ತೆರಡು ವರ್ಷಗಳಿಂದ ಅವನು ಅಲ್ಲಿಂದ ಮುಂದಕ್ಕೆ ಕಾಲಿಟ್ಟಿರಲಿಲ್ಲ.

ಅವನ ಬೆನ್ನಿಗೆ, ಮಾರ್ಗದರ್ಶಿಯಾಗಿ ಅವನು ಕರೆತಂದಿದ್ದ, ಫಿನ್ಲೆಂಡಿನ ಹನ್ನೊಂದು ಮಂದಿ ಯಾತ್ರಿಕರು. ‘ಆದಿಕಾಲದ ಕ್ರೈಸ್ತ ಸಭೆ ನಡೆದ ದಾರಿಯಲ್ಲಿ ಹತ್ತು ದಿನ’ ಎಂದು ಅವರ ಚೀಟಿಯಲ್ಲಿ ಬರೆದಿತ್ತು. ಉರ್ಫಾದಿಂದ ಹೊರಟು, ನುಸೈಬಿನ್ನಿನ ಹಳೆಯ ಇಗರ್ಜಿಯ ನೆಲಮಾಳಿಗೆಗೆ ಇಳಿದು ಹತ್ತಿ, ಆರನೆಯ ದಿನ, ಶನಿವಾರದ ಇಳಿಹೊತ್ತಿಗೆ, ತೂರ್ ಅಬ್ದೀನ್ ಗುಡ್ಡಗಳ ನಡುವಿನ ಬೇತ್ ಝೈತೊ ಎಂಬ ಈ ಹಳ್ಳಿಗೆ ಬಂದಿದ್ದರು. ಸಾವ್ಮೆ ಹುಟ್ಟಿದ್ದು ಇಲ್ಲಿಯೇ. ಈಗ ಅರವತ್ತೊಂದು ವಯಸ್ಸಿನ ಅವನ ಮನೆ ಇಪ್ಪತ್ತು ನಿಮಿಷ ದೂರದ ಮಿದ್ಯಾತಿನಲ್ಲಿ.

ಯಾತ್ರಿಕರ ಮುಂದಾಳು ಹೆಲ್ವಿ ಎಂಬ ನಿವೃತ್ತ ಪಾದ್ರಿ. ಬಿಳಿಗೂದಲು, ಧೂಳು ಹಿಡಿದ ಬೂಟು, ಯಾವುದನ್ನೂ ಅವಸರದಿಂದ ಕೇಳದ ಹೆಂಗಸು. ಅವಳು ಮೆಲ್ಲಗೆ ಇಂಗ್ಲಿಷಿನಲ್ಲಿ ಕೇಳಿದಳು: "ಎರಡೂ ಕಡೆಯಿಂದ ಹಾಡ್ತಾರೆ ಅಂತ ಹೇಳಿದ್ರಲ್ಲ. ಇವತ್ತು ಕೇಳೋಕೆ ಸಿಗುತ್ತಾ?"

"ನೋಡೋಣ," ಎಂದ ಸಾವ್ಮೆ. "ಉತ್ತರದ ಕಡೆ ನಿಲ್ಲೋ ಇಶೋ ಮೊಣಕಾಲು ಆಪರೇಷನ್ನಿಗೆ ಅಂತ ಗುರುವಾರ ದಿಯಾರ್‌ಬಕೀರಿಗೆ ಹೋದ."

"ಇನ್ನೊಬ್ಬರಿಗೆ ಬರಲ್ವಾ?"

ಸಾವ್ಮೆ ಅಂಗಳದ ಕಡೆಗೆ ತಿರುಗಿದ. ಬರುವ ಇನ್ನೊಬ್ಬ ಅವನೇ.

ಈ ಹಳ್ಳಿಯ ಪ್ರಾರ್ಥನೆ ಒಬ್ಬನಿಂದ ಆಗುವಂಥದ್ದಲ್ಲ. ಒಂದು ಕಡೆಯವರು ಒಂದು ಚರಣ ಎತ್ತಿಕೊಟ್ಟರೆ ಎದುರಿನವರು ಮುಂದಿನದನ್ನು ಹಿಂದಿರುಗಿಸಬೇಕು. ಒಂದು ಕಡೆ ಉಸಿರು ತೆಗೆದುಕೊಳ್ಳುವಾಗ ಇನ್ನೊಂದು ಕಡೆ ಉಸಿರು ಬಿಡುತ್ತದೆ. ಸಾವ್ಮೆ ಹುಡುಗನಾಗಿದ್ದಾಗ ಒಂದೊಂದು ಪೀಠದ ಸುತ್ತ ಹದಿನೈದು ಇಪ್ಪತ್ತು ಮಂದಿ ಮುತ್ತಿಕೊಳ್ಳುತ್ತಿದ್ದರು. ಪೀಠಕ್ಕೆ ಇದ್ದುದು ಒಂದೇ ಪುಸ್ತಕ. ದೊಡ್ಡವರು ಅದರ ಮುಂದೆ, ಚಿಕ್ಕವರು ಅದರಾಚೆ. ಹಾಗಾಗಿ ಆ ತಲೆಮಾರಿನ ಮಕ್ಕಳೆಲ್ಲ ಅಕ್ಷರಗಳನ್ನು ತಲೆಕೆಳಗಾಗಿಯೇ ಕಲಿತರು. ಇಂದಿಗೂ ಸಾವ್ಮೆಗೆ, ಇಗರ್ಜಿಯ ಹಳೆಯ ಭಾಷೆಯಾದ ಸಿರಿಯಾಕಿನ ಪುಸ್ತಕವನ್ನು ನೇರ ಹಿಡಿದು ಓದುವುದೆಂದರೆ ತುಸು ಪರಕೀಯ.

ಅವನಿಗೆ ಕಲಿಸಿದವರು ಗೆವ್ರಿಯೆ. ಊರೆಲ್ಲ ಅವರನ್ನು ಮಲ್ಫೋನೊ, ಎಂದರೆ ಮೇಷ್ಟ್ರು, ಎಂದೇ ಕರೆಯುತ್ತಿತ್ತು. ಈಗ ಎಪ್ಪತ್ತೊಂಬತ್ತು. ಇಗರ್ಜಿಯ ಬೀಗದಕೈ ಅವರ ಸೊಂಟದಲ್ಲಿ, ಹಾಡುಗಳೆಲ್ಲ ಅವರ ನಾಲಿಗೆಯಲ್ಲಿ. ಎಂಟು ವಾರಗಳಿಗೆ ಎಂಟು ಧಾಟಿಗಳು, ಒಂದಾದ ಮೇಲೊಂದು ಸರದಿಯಾಗಿ ಬರುತ್ತವೆ. ಯಾರಾದರೂ ಧಾಟಿ ತಪ್ಪಿದರೆ ಮಲ್ಫೋನೊ ಪುಸ್ತಕ ಮುಚ್ಚಿಬಿಡುತ್ತಿದ್ದರು. ಒಮ್ಮೆ ಬಿಷಪ್ಪರೇ ತಪ್ಪಿದಾಗಲೂ ಮುಚ್ಚಿದ್ದರು.

ಸಾವ್ಮೆಯ ತಪ್ಪು ಧಾಟಿಯದಲ್ಲ. ಇಪ್ಪತ್ತೆರಡು ವರ್ಷಗಳ ಹಿಂದೆ, ಮಾರ್ಗದರ್ಶಿಯ ಕೆಲಸ ಹಿಡಿದ ಹೊಸದರಲ್ಲಿ, ಪ್ರಾರ್ಥನೆಯ ನಡುವೆಯೇ ಅವನು ತನ್ನ ಜನರನ್ನು ಒಳಗೆ ಕರೆತಂದಿದ್ದ. ಉತ್ತರದ ಪೀಠಕ್ಕೆ ನುಗ್ಗಿ, ಹಾಡುತ್ತಿದ್ದವರ ಮುಂದೆಯೇ ಪುಟ ತಿರುವಿ, ಕೆಂಪು ಶಾಯಿಯ ಅಕ್ಷರಗಳನ್ನು ಬೆರಳಿಟ್ಟು ತೋರಿಸಿದ್ದ. ಹಾಡು ಅಲ್ಲಿಗೇ ಕಡಿಯಿತು. ಮಲ್ಫೋನೊ ದನಿ ಏರಿಸಲಿಲ್ಲ. "ನೀನು ಇನ್ಮೇಲೆ ನಿನ್ನ ಜನರ ಜೊತೆಗೇ ನಿಂತ್ಕೊ," ಎಂದಷ್ಟೇ ಅಂದಿದ್ದರು.

ಅವನು ನಿಂತುಕೊಂಡ. ಜಗಳವೇನೂ ಬೆಳೆಯಲಿಲ್ಲ. ಹಬ್ಬಕ್ಕೆ ಬಂದ, ಸಾವಿಗೆ ಬಂದ, ಅವರ ಮನೆಯಲ್ಲಿ ಚಹಾ ಕುಡಿದ. ಆದರೆ ಪೀಠಕ್ಕೆ ಬಾ ಎಂದು ಅವರು ಕರೆಯಲಿಲ್ಲ. ಬರಲೇ ಎಂದು ಇವನು ಕೇಳಲಿಲ್ಲ. ಜಗತ್ತಿನ ನಾನಾ ದೇಶಗಳವರಿಗೆ ಈ ಹಾಡಿನ ಪ್ರಾಚೀನತೆಯನ್ನು ಪಿಸುಮಾತಿನಲ್ಲಿ ವಿವರಿಸುತ್ತ, ಅದನ್ನು ಹಾಡಬೇಕೆಂಬ ಆಸೆಯನ್ನು ಗಂಟಲಲ್ಲೇ ಇಟ್ಟುಕೊಂಡು, ಸಾವ್ಮೆ ಮುದುಕನಾಗುತ್ತ ಬಂದಿದ್ದ.

ಅಂಗಳದಲ್ಲಿ ಹಿಪ್ಪುನೇರಳೆ ಮರದ ಕೆಳಗೆ ಮಲ್ಫೋನೊ ಕೂತಿದ್ದರು. ಪಕ್ಕದಲ್ಲಿ ಅವರ ಹೆಂಡತಿ ಹಜ್ನೆ, ತಟ್ಟೆಯ ತುಂಬ ಖರ್ಜೂರದ ಬಿಸ್ಕತ್ತು ಜೋಡಿಸಿ, ಯಾತ್ರಿಕರ ಕೈಗೆ ಒಂದೊಂದಾಗಿ ತುರುಕುತ್ತಿದ್ದಳು. ಬೇಡ ಎಂದವರಿಗೆ ಎರಡು.

"ಬಾರಯ್ಯಾ, ಬಸ್ಸಿನ ಬಿಷಪ್ಪ," ಎಂದರು ಮಲ್ಫೋನೊ. "ಈ ಸಲ ಎಲ್ಲಿಂದ ಹಿಡ್ಕೊಂಡು ಬಂದೆ?"

"ಫಿನ್ಲೆಂಡು, ಮಲ್ಫೋನೊ."

"ಅಲ್ಲಿ ಬಿಸಿಲೇ ಇಲ್ವಂತೆ?"

"ಬೇಸಿಗೇಲಿ ಸೂರ್ಯ ಮುಳುಗೋದೇ ಇಲ್ವಂತೆ."

"ಹಾಗಾದ್ರೆ ಸಂಜೆ ಪ್ರಾರ್ಥನೆ ಯಾವಾಗ ಮಾಡ್ತಾರೆ ಪಾಪ!" ಮಲ್ಫೋನೊ ನಿಜಕ್ಕೂ ಮರುಗಿದರು. ಆಮೇಲೆ ತಮ್ಮ ಊರುಗೋಲಿನ ತುದಿ ನೋಡುತ್ತ, "ನಿನ್ನ ಜನಕ್ಕೆ ಹೇಳಿಬಿಡು. ಇವತ್ತು ಪ್ರಾರ್ಥನೆ ಇಲ್ಲ. ಇಶೋ ಇಲ್ಲ," ಎಂದರು.

"ನೀವೊಬ್ಬರೇ…"

"ಒಬ್ಬನೇ ಹಾಡಿದ್ರೆ ಅದು ಪ್ರಾರ್ಥನೆಯಲ್ಲ ಕಣೋ, ಗೊಣಗಾಟ. ನಿನ್ನೆ ಗೊಣಗಿದೆ. ಮೊನ್ನೆ ಗೊಣಗಿದೆ. ಗೋಡೆಗೂ ಬೇಜಾರಾಗಿದೆ."

ಹಜ್ನೆ ತಟ್ಟೆಯನ್ನು ಕಲ್ಲಿನ ಮೇಲೆ ಟಪ್ಪೆಂದು ಇಟ್ಟಳು. "ಅಲ್ಲಾ, ಎದುರಿಗೆ ಇಷ್ಟೆತ್ತರ ನಿಂತಿದಾನಲ್ಲ, ಇವನೇನು ಕಂಬಾನಾ?"

"ಅವನಿಗೆ ಅವನ ಜನ ನೋಡ್ಕೊಳ್ಳೋ ಕೆಲಸ ಇದೆ," ಎಂದರು ಮಲ್ಫೋನೊ.

"ಜನ ಅವರ ಕಾಲ ಮೇಲೆ ಅವರು ನಿಂತ್ಕೋತಾರೆ, ಹಜ್ನೆ ಅಕ್ಕ," ಎಂದ ಸಾವ್ಮೆ, ಅವಳನ್ನೇ ನೋಡುತ್ತ.

"ನನಗ್ಯಾಕೋ ಹೇಳ್ತೀಯಾ? ಅಲ್ಲಿ ಹೇಳು. ಏನ್ರೀ, ನೀವೂ ಇಲ್ಲಿ ತಿರುಗಿ ಮಾತಾಡಿ. ಇಬ್ಬರ ನಡುವೆ ನಾನೇನು ಟಪಾಲಿನವಳಾ? ಇಪ್ಪತ್ತೆರಡು ವರ್ಷದಿಂದ ಹೊತ್ತು ಹೊತ್ತು ನನ್ನ ಸೊಂಟ ಬಿದ್ದುಹೋಯ್ತು."

ಹಜ್ನೆ ಇಬ್ಬರಿಗೂ ಚಹಾ ಬಗ್ಗಿಸಿದಳು. ಕರೆಯಬೇಕಾದವರು ಕರೆಯಲಿಲ್ಲ, ಕೇಳಬೇಕಾದವನು ಕೇಳಲಿಲ್ಲ. ನಾಲಿಗೆಯ ತುದಿಗೆ ಬಂದ ಮಾತನ್ನು ಸಾವ್ಮೆ ಚಹಾದೊಡನೆ ನುಂಗಿದ. ಈ ಹೊತ್ತು ದಾಟಿದರೆ ಇಶೋ ಮರಳಿ ಬರುತ್ತಾನೆ, ಎದುರು ಪೀಠ ತುಂಬುತ್ತದೆ, ಮತ್ತೆ ಇಂಥದೊಂದು ಶನಿವಾರ ತನ್ನ ಆಯುಷ್ಯದಲ್ಲಿ ಬರಲಿಕ್ಕಿಲ್ಲ ಎಂಬುದು ಅವನಿಗೆ ಸ್ಪಷ್ಟವಿತ್ತು.

ಮಲ್ಫೋನೊ ಎದ್ದರು. ಊರುಗೋಲನ್ನು ಮರಕ್ಕೆ ಒರಗಿಸಿ ಇಗರ್ಜಿಯೊಳಗೆ ಹೋದರು. ತೆರೆದ ಬಾಗಿಲಿನಿಂದ ಅವರು ಕಾಣುತ್ತಿದ್ದರು: ಒಂದೊಂದೇ ದೀಪ ಹಚ್ಚಿದರು. ದಕ್ಷಿಣದ ಪೀಠದ ಪುಸ್ತಕದ ಬಟ್ಟೆ ಬಿಚ್ಚಿ, ಪುಟ ಹುಡುಕಿ, ತೆರೆದಿಟ್ಟರು. ಅಲ್ಲಿಯೇ ತುಸು ಹೊತ್ತು ನಿಂತರು. ಆಮೇಲೆ, ಬಿಸಿಲಿನ ಪಟ್ಟಿಯನ್ನು ಮೆಲ್ಲಗೆ ದಾಟಿ, ಉತ್ತರದ ಪೀಠದ ಬಳಿಗೆ ಬಂದು, ಅಲ್ಲಿನ ಪುಸ್ತಕದ ಬಟ್ಟೆಯನ್ನೂ ಬಿಚ್ಚಿದರು. ಪುಟ ತೆರೆದು, ಅಂಗೈಯಿಂದ ಎರಡು ಸಲ ಸವರಿ, ತಿರುಗಿ ನೋಡದೆ ತಮ್ಮ ಕಡೆಗೆ ಹೋದರು.

ಹಜ್ನೆ ಸೆರಗಿನಂತಿದ್ದ ತನ್ನ ಬಿಳಿಯ ತಲೆವಸ್ತ್ರವನ್ನು ಸರಿಮಾಡಿಕೊಂಡಳು. "ಇನ್ನೇನು ಬೇಕೋ ನಿನಗೆ? ಆಮಂತ್ರಣ ಪತ್ರ ಅಚ್ಚು ಹಾಕಿಸಬೇಕಾ?"

ಸಾವ್ಮೆ ತನ್ನ ಕೈಯಲ್ಲಿದ್ದ ಹಳದಿ ಬಾವುಟದ ಕೋಲನ್ನು ಹೆಲ್ವಿಗೆ ಕೊಟ್ಟ. "ಸ್ವಲ್ಪ ಹಿಡ್ಕೊಳ್ಳಿ. ಇವತ್ತು ನಾನು ಏನನ್ನೂ ವಿವರಿಸೋದಿಲ್ಲ."

ಅವಳು ಕೋಲನ್ನು ತೆಗೆದುಕೊಂಡು ತನ್ನವರನ್ನು ಬಾಗಿಲಿನತ್ತ ಕರೆದಳು.

ಬಾಗಿಲಿನಿಂದ ಪೀಠಕ್ಕೆ ಹದಿನಾಲ್ಕು ಹೆಜ್ಜೆ. ನಡೆಯುವಾಗ ಅವನಿಗೆ ತನ್ನ ಬೂಟಿನ ಸದ್ದಿಗೇ ನಾಚಿಕೆಯಾಯಿತು. ಪೀಠದ ಅಂಚಿಗೆ ಮೊಣಕೈ ಊರಿದಾಗ ಅಲ್ಲಿನ ತಗ್ಗು ಅವನನ್ನು ಗುರುತು ಹಿಡಿದಂತೆ ಸರಿಯಾಗಿ ಹೊಂದಿತು. ಎದುರಿನಿಂದ ಮಲ್ಫೋನೊ ಗಲ್ಲವೆತ್ತಿ ಸನ್ನೆ ಮಾಡಿದರು. ಇವತ್ತು ಮೊದಲು ಎತ್ತಬೇಕಾದದ್ದು ಉತ್ತರದ ಕಡೆ.

ಸಾವ್ಮೆ ಎತ್ತಿದ.

ದನಿ ಮೊದಲು ಒಡೆಯಿತು; ಆಮೇಲೆ ತನ್ನಷ್ಟಕ್ಕೆ ತಾನೇ ದಾರಿ ಹಿಡಿಯಿತು. ಬಸ್ಸಿನ ಮೈಕಿನಲ್ಲಿ ಇಪ್ಪತ್ತೆರಡು ವರ್ಷ ಸವೆದ ಗಂಟಲಿನ ಅಡಿಯಲ್ಲಿ, ಬಾವಿಯ ತಳದ ನೀರಿನಂತೆ, ಹಳೆಯ ಹುಡುಗನ ದನಿ ಹಾಗೆಯೇ ಉಳಿದಿತ್ತು. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಹಿಂದೆ ಹೆಂಗಸರ ಜಾಗದಲ್ಲಿ ಹಜ್ನೆ ಥಟ್ಟನೆ ತಲೆಯೆತ್ತಿದ್ದು ಅವನ ಕಣ್ಣಂಚಿಗೆ ಬಿತ್ತು.

ಆಗ ಹೊಳೆಯಿತು. ಅವನು ಹಾಡುತ್ತಿದ್ದುದು ನಾಲ್ಕನೆಯ ಧಾಟಿ. ನಾಲ್ಕನೆಯದು ಈ ವಾರದ್ದು ಹೌದು. ಆದರೆ ಇಗರ್ಜಿಯಲ್ಲಿ ಆ ವಾರ ಮುಗಿದುಹೋಗಿತ್ತು. ಇಲ್ಲಿ ದಿನ ಹುಟ್ಟುವುದು ಸೂರ್ಯ ಇಳಿದಾಗ. ಶನಿವಾರದ ಸಂಜೆಯೆಂದರೆ ಆಗಲೇ ಭಾನುವಾರ, ಹೊಸ ವಾರ, ಐದನೆಯ ಧಾಟಿ. ಐದು ವರ್ಷದ ಕೂಸಿಗೂ ಗೊತ್ತಿರುವ ಸಂಗತಿ. ಹೋಟೆಲಿನ ತಿಂಡಿಯಿಂದ ಹೋಟೆಲಿನ ಊಟದವರೆಗೆ ದಿನವನ್ನು ಅಳೆದು ಅಳೆದು, ಅವನು ಅದನ್ನೇ ಮರೆತಿದ್ದ.

ಚರಣ ಮುಗಿಯಿತು. ಹಿಂದಿರುಗಿ ಹಿಡಿಯಲು ಸಮಯವಿರಲಿಲ್ಲ, ಹಾಡಿದ್ದು ಹಾಡಿಯಾಗಿತ್ತು. ಈಗ ಎದುರಿನ ಕಡೆಯ ಸರದಿ.

ಎದುರಿನಿಂದ ದನಿ ಬರಲಿಲ್ಲ.

ಮಲ್ಫೋನೊ ಪುಸ್ತಕದ ಮೇಲೆ ಕೈಯಿಟ್ಟು ನಿಂತಿದ್ದರು. ಆ ಕೈಯನ್ನು ಸಾವ್ಮೆ ಬಲ್ಲ. ಆ ಕೈ ಪುಸ್ತಕ ಮುಚ್ಚುವ ರೀತಿಯನ್ನೂ ಬಲ್ಲ: ಮೊದಲು ಎಡದ ಹಲಗೆ, ಆಮೇಲೆ ಬಲದ್ದು, ಕೊನೆಗೆ ಬಟ್ಟೆ. ದೀಪದ ಬತ್ತಿಯೊಂದು ಚಿಟಪಟ ಎಂದಿತು. ಯಾತ್ರಿಕರಲ್ಲಿ ಒಬ್ಬರೂ ಕದಲಲಿಲ್ಲ. ಮೌನವೂ ಈ ಪ್ರಾಚೀನ ವಿಧಿಯ ಭಾಗವೆಂದೇ ಅವರು ತಿಳಿದಿರಬೇಕು.

ಮುದುಕರು ಒಮ್ಮೆ ಕೆಮ್ಮಿದರು. ಆಮೇಲೆ ಹಾಡಿದರು. ನಾಲ್ಕನೆಯ ಧಾಟಿಯಲ್ಲಿ.

ಮುಂದಿನ ಚರಣವನ್ನು ಸಾವ್ಮೆ ಎತ್ತಿದ, ಅವರು ಹಿಂದಿರುಗಿಸಿದರು. ಒಂದು ಉಸಿರು ಆ ಕಡೆ, ಒಂದು ಉಸಿರು ಈ ಕಡೆ. ತಪ್ಪು ಎಂಬುದು ನಡುವಿನ ಎಂಟು ಹೆಜ್ಜೆಗಳಲ್ಲಿ ಅತ್ತಿತ್ತ ಓಡಾಡಿ, ಸವೆದು, ಕಡೆಗೆ ಬರಿಯ ಹಾಡಾಗಿ ಉಳಿಯಿತು. ಅರ್ಧ ಗಂಟೆಯ ಪ್ರಾರ್ಥನೆ ಪೂರ್ತಿಯಾಗಿ, ಹಳೆಯ ವಾರದ ಧಾಟಿಯಲ್ಲಿಯೇ, ಹೊಸ ವಾರದೊಳಗೆ ನಡೆದುಹೋಯಿತು. ಹಜ್ನೆ ಮೂರು ಸಲ ಶಿಲುಬೆಯ ಗುರುತು ಹಾಕಿಕೊಂಡಳು. ಬಹುಶಃ ಕ್ಷಮೆ ಕೇಳುವುದಕ್ಕೆ, ಬಹುಶಃ ಬೇರೆ ಕಾರಣಕ್ಕೆ.

ಮುಗಿದ ಮೇಲೆ ಹೆಲ್ವಿ ಮುಂದೆ ಬಂದು, ಮಲ್ಫೋನೊರ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದು, ತನ್ನ ಭಾಷೆಯಲ್ಲಿ ಏನೋ ಹೇಳಿದಳು. ಆಮೇಲೆ ತನ್ನವರನ್ನು ಕರೆದುಕೊಂಡು, ಹಳದಿ ಬಾವುಟವನ್ನು ಎತ್ತಿ ಹಿಡಿದು, ಬಸ್ಸಿನ ಕಡೆಗೆ ನಡೆದಳು. ಹಜ್ನೆ ಉಳಿದ ಬಿಸ್ಕತ್ತುಗಳ ತಟ್ಟೆ ಹಿಡಿದು ಅವರ ಬೆನ್ನು ಹತ್ತಿದಳು.

"ಏನಂದಳೋ ಆಕೆ?" ಎಂದು ಮಲ್ಫೋನೊ ಕೇಳಿದರು.

"ಅವಳ ಭಾಷೆ ನನಗೂ ಬರಲ್ಲ. ಚೆನ್ನಾಗಿತ್ತು ಅಂದಿರಬೇಕು."

"ಆಕೆಗೇನು ಗೊತ್ತು." ಅವರು ಪುಸ್ತಕಕ್ಕೆ ಬಟ್ಟೆ ಸುತ್ತತೊಡಗಿದರು. "ನಿನ್ನ ಬಸ್ಸಿನಲ್ಲಿ ಭಾನುವಾರ ಯಾವಾಗ ಶುರುವಾಗುತ್ತಪ್ಪಾ?"

ಸಾವ್ಮೆ ನೆಲ ನೋಡಿದ. "ಬೆಳಿಗ್ಗೆ ತಿಂಡಿ ಆದ್ಮೇಲೆ, ಮಲ್ಫೋನೊ."

ಮುದುಕರ ಭುಜ ಅಲುಗಿತು. ಕೆಮ್ಮೇನೋ ಎಂದುಕೊಂಡ, ನಗುತ್ತಿದ್ದರು. ಹಲ್ಲಿಲ್ಲದ ಆ ನಗು ಕಮಾನಿಗೆ ತಗುಲಿ ಹಿಂದಿರುಗಿತು.

"ಯಾಕೆ ನಿಲ್ಲಿಸಲಿಲ್ಲ ನೀವು?" ಸಾವ್ಮೆ ಕೇಳಿಯೇಬಿಟ್ಟ. "ಬಿಷಪ್ಪರನ್ನೇ ನಿಲ್ಲಿಸಿದವರು."

"ನಿನ್ನನ್ನೂ ಒಂದು ಸಲ ನಿಲ್ಲಿಸಿದ್ದೆ." ಅವರು ಗಂಟನ್ನು ಬಿಗಿಮಾಡಿದರು. "ಮತ್ತೆ ಶುರುವಾಗೋಕೆ ಇಪ್ಪತ್ತೆರಡು ವರ್ಷ ಹಿಡೀತು. ಈಗ ನನ್ನ ಹತ್ತಿರ ಅಷ್ಟು ಟೈಮಿಲ್ಲಪ್ಪ."

ಕಿಂಡಿಯ ಬಿಸಿಲು ಆರಿಹೋಗಿತ್ತು. ಹೊರಗೆ ಚಾಲಕ ಒಮ್ಮೆ ಹಾರನ್ ಬಾರಿಸಿದ.

"ನಾಳೆ ಬೆಳಿಗ್ಗೆ ಆರಕ್ಕೆ," ಎಂದರು ಮಲ್ಫೋನೊ. "ಐದನೇ ಧಾಟಿ. ದಾರಿಯಲ್ಲಿ ಹಾಡ್ಕೊಂಡೇ ಬಾ, ಮರೆಯಲ್ಲ."

"ಒಂಬತ್ತಕ್ಕೆ ನಮ್ಮ ಬಸ್ಸು ಹೊರಡಬೇಕು. ಅಷ್ಟರೊಳಗೆ ಬಿಡ್ತೀರಾ?"

"ಸರಿಯಾಗಿ ಹಾಡಿದ್ರೆ ಬಿಡ್ತೀನಿ."

"ಇಶೋ ಬಂದ ಮೇಲೆ?"

"ಪೀಠದ ಸುತ್ತ ಜಾಗಕ್ಕೇನು ಬರವೇ? ಅವನ ಪುಸ್ತಕದ ಆಚೆ ಬದಿಗೆ ನಿಂತ್ಕೊ. ತಲೆಕೆಳಗೆ ಓದೋದು ಮರೆತಿಲ್ಲ ತಾನೇ?"

ಸಾವ್ಮೆ ಬಗ್ಗಿ ಅವರ ಕೈಗೆ ಮುತ್ತಿಟ್ಟ. ಅವರು ಕೈ ಕಿತ್ತುಕೊಂಡು, "ಹೋಗು ಹೋಗು, ನಿನ್ನ ಜನ ಕಾಯ್ತಿದಾರೆ. ಬಾಗಿಲು ನಾನು ಹಾಕ್ಕೋತೀನಿ. ದೀಪಕ್ಕೆ ಎಣ್ಣೆ ಬಿಡೋದಿದೆ," ಎಂದು ಅವನ ಬೆನ್ನಿಗೆ ಕೈಯಿಟ್ಟು ದೂಡಿಕೊಂಡೇ ಬಂದರು.

ಬಾಗಿಲು ಗಿಡ್ಡ, ತಲೆ ತಗ್ಗಿಸದೆ ದಾಟಲಾಗದು. ಸಾವ್ಮೆ ತಲೆ ತಗ್ಗಿಸಿ ಹೊರಗೆ ಕಾಲಿಟ್ಟ. ಗುಡ್ಡಗಳ ಮೇಲೆ ಹೊಸ ದಿನ ಕತ್ತಲಾಗಿ ಹುಟ್ಟುತ್ತಿತ್ತು. ತುಟಿಯೊಳಗೆ ಐದನೆಯ ಧಾಟಿಯ ಮೊದಲ ಸಾಲನ್ನು ಹಿಡಿದು ಅವನು ಮೆಟ್ಟಿಲಿಳಿಯುತ್ತಿರುವಾಗ, ಹಿಂದೆ ಕಬ್ಬಿಣ ಹೊದಿಸಿದ ಬಾಗಿಲು ನಿಧಾನವಾಗಿ ಮುಚ್ಚಿಕೊಂಡಿತು.