ಇರುವೆಯ ಆಕಳಿಕೆ ಕೇಳಿಸುವ ಪೆಟ್ಟಿಗೆ

ಇರುವೆ ಆಕಳಿಸಿದರೂ ನನ್ನ ಸೊಸೆಗೆ ಗೊತ್ತಾಗುತ್ತದೆ. ಸುಳ್ಳೆನ್ನಬೇಡಿ. ಅವಳು ಮಾಡಿದ ಪೆಟ್ಟಿಗೆಗೆ ಕೇಳಿಸುತ್ತದೆ, ಪೆಟ್ಟಿಗೆ ಅವಳಿಗೆ ಹೇಳುತ್ತದೆ. ನಾನು ಅಡುಗೆಮನೆಯಿಂದ ಗಂಟಲು ಹರಿಯುವಂತೆ ಕೂಗಿದರೆ ಮಾತ್ರ ಅವಳಿಗೆ ಕೇಳಿಸುವುದಿಲ್ಲ. ಅದು ಬೇರೆ ಮಾತು.

ಆಸ್ಪತ್ರೆಯಲ್ಲಿ ಯಂತ್ರಗಳನ್ನು ರಿಪೇರಿ ಮಾಡುವ ಕೋಣೆಯಲ್ಲಿ ಅವಳಿಗೆ ಕೆಲಸ. ಆ ಪೆಟ್ಟಿಗೆಯ ಹೆಸರು ಆಂಪ್ಲಿಫೈಯರ್. ಹೆಸರು ಹೇಳುವಷ್ಟರಲ್ಲಿ ನನಗಿರುವ ನಾಲ್ಕು ಹಲ್ಲೂ ಅಲುಗಾಡುತ್ತವೆ.

"ಸಭೆಗಳಲ್ಲಿ ಮೈಕಿಗೆ ಇಟ್ಟಿರ್ತಾರಲ್ಲ, ಅದೇ ತಾನೇ?" ಎಂದು ಕೇಳಿದ್ದೆ.

"ಇದು ಅದರ ತಂಗಿ, ಅತ್ತೆ. ಅದು ಕೂಗೋದನ್ನ ಜೋರು ಮಾಡುತ್ತೆ. ಇದು ಪಿಸುಗುಟ್ಟೋದನ್ನ ಹುಡುಕಿ ಜೋರು ಮಾಡುತ್ತೆ."

ಪಿಸುಗುಟ್ಟುವುದು ನಮ್ಮ ಎದೆ. ಅದು ಒಂದೊಂದು ಸಲ ಬಡಿದಾಗಲೂ ಮೈಯಲ್ಲಿ ಸೂಜಿಮೊನೆಯಷ್ಟೂ ಇಲ್ಲದ ಕರೆಂಟು ಹುಟ್ಟುತ್ತದಂತೆ. ದಿನ ತುಂಬುವ ಮೊದಲೇ ಹುಟ್ಟಿ ಗಾಜಿನ ಪೆಟ್ಟಿಗೆಯಲ್ಲಿ ಮಲಗಿರುವ ಅಂಗೈಯಗಲದ ಮಕ್ಕಳಲ್ಲಿ ಅದು ಇನ್ನೂ ಕಡಿಮೆ. ವಾರ್ಡಿನ ಹಳೆಯ ಯಂತ್ರ ದೀಪ ಹಾಕಿದರೂ ಕೆಡುತ್ತಿತ್ತು, ಮಕ್ಕಳಿಗೆ ಹಾಲು ಹನಿಸುವ ಪಂಪು ಓಡಿದರೂ ಕೆಡುತ್ತಿತ್ತು. ಎದೆಬಡಿತದ ಗೆರೆ ಕಲಸಿಹೋಗಿ ಸುಮ್ಮಸುಮ್ಮನೆ ಗಂಟೆ ಹೊಡೆದುಕೊಳ್ಳುತ್ತಿತ್ತು. ನರ್ಸು ಏದುಸಿರು ಬಿಡುತ್ತ ಓಡಿ ಬಂದರೆ ಮಗು ಹಾಯಾಗಿ ನಿದ್ದೆ ಮಾಡುತ್ತಿರುತ್ತಿತ್ತು.

"ಹೀಗೇ ಆದ್ರೆ, ನಿಜವಾಗ್ಲೂ ಗಂಟೆ ಹೊಡೆದ ದಿನ ಯಾರೂ ಓಡಿ ಬರಲ್ಲ ಅತ್ತೆ," ಎಂದಿದ್ದಳು ಸೊಸೆ. ಆ ಭಯ ಅವಳನ್ನು ಸರಿಯಾಗಿ ಉಣ್ಣಲೂ ಬಿಡುತ್ತಿರಲಿಲ್ಲ.

ಹೊಸ ಪೆಟ್ಟಿಗೆ ಮಾಡಿದಳು. ಅದನ್ನು ಪರೀಕ್ಷೆ ಮಾಡಲು ಮನೆಯಲ್ಲಿ ಸಿಕ್ಕವಳು ನಾನು. ನನ್ನ ಮೈಮೇಲೆ ಓಡಿದಷ್ಟು ತಂತಿ ಬೀದಿಯ ಲೈಟುಕಂಬದ ಮೇಲೂ ಓಡಿಲ್ಲ.

"ನಿಮ್ಮ ಚರ್ಮ ಒಣಗಿದ ಎಲೆ ಥರ ಇದೆ ಅತ್ತೆ. ನಿಮ್ಮಲ್ಲಿ ಸಿಗ್ನಲ್ ಸಿಕ್ರೆ ಯಾರಲ್ಲಾದ್ರೂ ಸಿಗುತ್ತೆ."

ಸೊಸೆಯ ಬಾಯಿಂದ ಇಂಥ ಹೊಗಳಿಕೆ ಯಾವ ಅತ್ತೆಗೆ ಸಿಕ್ಕಿದೆ ಹೇಳಿ!

ಎದೆಗೆ ಎರಡು ತಂತಿ ಯಾಕೆ ಎಂದು ಕೇಳಿದ್ದಕ್ಕೆ ಹೀಗೆ ವಿವರಿಸಿದಳು: "ಸುತ್ತ ಇರೋ ಕರೆಂಟಿನ ಗದ್ದಲ ಎರಡೂ ತಂತಿಗೆ ಒಂದೇ ಸಮ ಬರುತ್ತೆ. ಎರಡೂ ಒಂದೇ ಥರ ಹೇಳಿದ್ದನ್ನ ಪೆಟ್ಟಿಗೆ ಕಿತ್ತು ಬಿಸಾಕುತ್ತೆ. ಬೇರೆ ಬೇರೆ ಹೇಳಿದ್ದನ್ನ ಮಾತ್ರ ಇಟ್ಕೊಂಡು ದೊಡ್ಡದು ಮಾಡುತ್ತೆ. ಎದೆಬಡಿತ ಇರೋದು ಅದರಲ್ಲೇ."

"ಅಂದ್ರೆ ಅಕ್ಕಪಕ್ಕದ ಮನೆಯವರಿಬ್ಬರೂ ಬಂದು ಒಂದೇ ಚಾಡಿ ಹೇಳಿದ್ರೆ, ಕಿವಿಗೇ ಹಾಕ್ಕೊಳ್ಳಲ್ಲ ಅನ್ನು."

"ಹೂಂ. ನಿಮಗೂ ಆ ಬುದ್ಧಿ ಇದ್ದಿದ್ರೆ ಎಷ್ಟು ಚೆನ್ನಾಗಿರ್ತಿತ್ತು!"

ನೋಡಿದಿರಾ ನಾಲಿಗೆ? ನನ್ನ ಜೊತೆ ಇದ್ದು ಇದ್ದು ಹೀಗಾಗಿದ್ದಾಳೆ.

ಕೊನೆಗೆ ಮಕ್ಕಳ ವಾರ್ಡಿನ ದೊಡ್ಡ ಡಾಕ್ಟರು ಒಂದು ದಿನ ಗೊತ್ತು ಮಾಡಿದರು. ಅವರ ಕತ್ತು ಎಷ್ಟು ಉದ್ದ ಎಂದರೆ, ಒಂದು ವಾರ್ಡಿನಲ್ಲಿ ನಿಂತು ಇನ್ನೊಂದು ವಾರ್ಡಿನ ರೋಗಿಯನ್ನು ನೋಡಿಬಿಡಬಹುದು. ನಾನು ಅವರಿಗೆ ಕೊಕ್ಕರೆ ಎಂದು ಹೆಸರಿಟ್ಟಿದ್ದೆ. ಮನುಷ್ಯ ಒಳ್ಳೆಯವರು, ಆದರೆ ಮಾತು ಕಡ್ಡಿ ಮುರಿದ ಹಾಗೆ.

"ನಿಮ್ಮ ಕೋಣೇಲಿ ಓಡಿದ್ರೆ ಸಾಲದಮ್ಮ. ನನ್ನ ವಾರ್ಡಲ್ಲಿ, ಎಲ್ಲ ಯಂತ್ರ ಓಡ್ತಿರುವಾಗ, ದೊಡ್ಡವರೊಬ್ಬರ ಮೇಲೆ ಹಾಕಿ ತೋರಿಸಿ. ಗೆರೆ ಸ್ವಚ್ಛವಾಗಿ ಬಂದ್ರೆ ಅವತ್ತೇ ಮಗುವಿಗೆ ಹಾಕೋಣ. ಇಲ್ಲಾಂದ್ರೆ ಇದನ್ನ ಇಲ್ಲಿಗೇ ಬಿಟ್ಬಿಡೋಣ."

ಅಂದು ಬೆಳಗ್ಗೆ ಸೊಸೆ ಅಪ್ಪಣೆ ಮಾಡಿದಳು: "ಇವತ್ತು ಎದೆಗೆ ಏನೂ ಹಚ್ಕೋಬೇಡಿ ಅತ್ತೆ."

ಹಚ್ಚಿಕೊಳ್ಳಲಿಲ್ಲ. ಎಡಭುಜ ಸೆಳೆಯುತ್ತಿತ್ತು, ಭುಜಕ್ಕೆ ಮಾತ್ರ ನೋವಿನ ಮುಲಾಮು ತಿಕ್ಕಿಕೊಂಡೆ. ಭುಜ ಭುಜವೇ, ಎದೆ ಎದೆಯೇ ಎಂಬುದು ನನ್ನ ಲೆಕ್ಕ. ಘಾಟು ಊರಿಗೆಲ್ಲ ಹಬ್ಬದಿರಲಿ ಎಂದು ಮೇಲೆ ಒಂದು ಡಬ್ಬಿ ಪೌಡರು ಸುರಿದುಕೊಂಡೆ. ದೊಡ್ಡ ಡಾಕ್ಟರ ಮುಂದೆ ಹೋಗುವಾಗ ಅಷ್ಟೂ ಬೇಡವೇ?

ವಾರ್ಡಿನ ಮೂಲೆಯ ಬೆಂಚಿನ ಮೇಲೆ ನನ್ನನ್ನು ಮಲಗಿಸಿದರು. ಸೊಸೆ ಒದ್ದೆ ಹತ್ತಿಯಿಂದ ಒರೆಸಿ, ಎದೆಯ ಮೇಲೆ ಆಚೆ ಒಂದು ಈಚೆ ಒಂದು, ಕಾಲಿಗೆ ಇನ್ನೊಂದು, ತಂತಿ ಸಿಕ್ಕಿಸಿದ ಬಿಲ್ಲೆಗಳನ್ನು ಅಂಟಿಸಿ ಪೆಟ್ಟಿಗೆ ಚಾಲೂ ಮಾಡಿದಳು. ಪರದೆಯ ಮೇಲೆ ಬಂದದ್ದು ಗೆರೆಯಲ್ಲ, ಮೈತುಂಬ ರೋಮ ನಿಗುರಿಸಿಕೊಂಡ ಕಂಬಳಿಹುಳ!

ನರ್ಸು ದೀಪ ಆರಿಸಿದಳು. ಹುಳ ಸ್ವಲ್ಪ ಸಣ್ಣಗಾಯಿತು. ಪಂಪು ನಿಲ್ಲಿಸಿದಳು. ಇನ್ನಷ್ಟು ಸಣ್ಣಗಾಯಿತು.

"ಎಲ್ಲ ಆರಿಸಿದ್ರೆ ನಮ್ಮ ಹಳೇದೂ ಚೆನ್ನಾಗೇ ಓಡುತ್ತಮ್ಮ," ಎಂದು ಕೊಕ್ಕರೆ ಕತ್ತು ಬಾಗಿಲ ಕಡೆ ತಿರುಗಿಸಿದರು.

ಸೊಸೆ ಅಲುಗಲಿಲ್ಲ. ಪರದೆ ನೋಡಿದಳು, ತಂತಿ ನೋಡಿದಳು, ನನ್ನನ್ನು ನೋಡಿದಳು.

"ಒಂದು ನಿಮಿಷ ಸರ್. ಮನೇಲಿ ಮಿಕ್ಸಿ, ಫ್ರಿಜ್ ಎಲ್ಲ ಓಡ್ತಿದ್ರೂ ಇದು ಕೆಟ್ಟಿಲ್ಲ. ಪೆಟ್ಟಿಗೆ ಅದೇ, ತಂತೀನೂ ಅದೇ. ಇವತ್ತು ಬದಲಾಗಿರೋದು ಅತ್ತೆ ಇರಬೇಕು."

ಬಗ್ಗಿ ಮೂಸಿದಳು. "ಅತ್ತೆ! ಮುಲಾಮು?"

"ಭುಜಕ್ಕೆ ಕಣೇ! ಎದೆಗಲ್ಲ!"

"ಭುಜದಿಂದ ಇಳಿದು ಬಿಲ್ಲೆ ಕೆಳಗೇ ಬಂದಿದೆ. ಜಿಡ್ಡು, ನೀರಿಗೆ ಎಲ್ಲಿ ಹೋಗುತ್ತೆ? ಮೇಲೆ ಪೌಡರು ಬೇರೆ." ಡಾಕ್ಟರ ಕಡೆ ತಿರುಗಿದಳು. "ಗದ್ದಲ ಎರಡೂ ಕಡೆಯಿಂದ ಸಮವಾಗಿ ಬಂದ್ರೇನೇ ಕಳೆಯೋಕಾಗೋದು ಸರ್. ಎಡಗಡೆ ಬಿಲ್ಲೆಯ ಹಿಡಿತ ಕೆಟ್ಟಿದೆ, ಅದಕ್ಕೇ ಆ ಕಡೆಯಿಂದ ಬೇರೆ ಥರ ಬರ್ತಿದೆ. ಪೆಟ್ಟಿಗೆ ಅದನ್ನೂ ಎದೆಬಡಿತ ಅಂದ್ಕೊಂಡು ದೊಡ್ಡದು ಮಾಡ್ತಿದೆ."

ಸ್ಪಿರಿಟ್ ಹಾಕಿ, ಸೀದ ಪಾತ್ರೆಯನ್ನು ಉಜ್ಜುವ ಹಾಗೆ ನನ್ನನ್ನು ಉಜ್ಜಿದಳು. ಹೊಸ ಬಿಲ್ಲೆ ಅಂಟಿಸಿದಳು. "ಈಗ ಎಲ್ಲಾ ಹಾಕಿ," ಎಂದಳು ನರ್ಸಿಗೆ.

ದೀಪ ಉರಿಯಿತು, ಪಂಪು ಗುಂಯ್‌ಗುಟ್ಟಿತು. ಪರದೆಯ ಮೇಲೆ ತಿಳಿಯಾದ ಗೆರೆ ಓಡುತ್ತಿತ್ತು, ನಡುನಡುವೆ ಚೂಪಾದ ಶಿಖರಗಳು. ಇಷ್ಟು ವರ್ಷ ನನ್ನೊಳಗೇ ಇದ್ದು ಒಂದು ದಿನವೂ ಮುಖ ತೋರಿಸದ ಕಳ್ಳ ಎದೆ!

ಕೊಕ್ಕರೆಯ ಕತ್ತು ಪರದೆಯವರೆಗೆ ಚಾಚಿತು. "ಆದ್ರೆ ಮಗುವಿನ ಚರ್ಮವನ್ನ ಹೀಗೆ ಉಜ್ಜೋಕಾಗಲ್ಲವಲ್ಲ?"

"ಮಗುವಿನ ಚರ್ಮ ತೆಳು, ತೇವ ಇರುತ್ತೆ ಸರ್. ಮೆತ್ತಗೆ ಅಂಟಿಸಿದ್ರೆ ಸಾಕು. ಉಜ್ಜಬೇಕಾಗಿರೋದು ನಮ್ಮತ್ತೆಯಷ್ಟು ಒಣಗಿರೋರಿಗೆ ಮಾತ್ರ."

ನಾನು ನಕ್ಕುಬಿಟ್ಟೆ. ಗೆರೆ ಹುಚ್ಚು ಹಿಡಿದಂತೆ ಕುಣಿಯಿತು.

"ಮತ್ತೆ ಕೆಟ್ಟಿತಲ್ಲ!"

"ಇದು ಹೊರಗಿನ ಗದ್ದಲ ಅಲ್ಲ ಸರ್, ಅತ್ತೆ ನಗು. ನಕ್ಕಾಗ ಮೈಯ ಸ್ನಾಯುಗಳೂ ಕರೆಂಟ್ ಹುಟ್ಟಿಸುತ್ತವೆ."

"ಅಜ್ಜಿ, ಸ್ವಲ್ಪ ಸುಮ್ನಿರ್ತೀರಾ?" ಎಂದರು ಡಾಕ್ಟರು.

ಹುಟ್ಟಿದಾಗಿನಿಂದ ಯಾರಿಂದಲೂ ಮಾಡಿಸಲಾಗದ ಕೆಲಸ ಅದು. ಸೊಸೆಯ ಮುಖ ನೋಡಿ ಮಾಡಿದೆ. ಗೆರೆ ತಿಳಿಯಾಯಿತು, ತಿಳಿಯಾಗಿಯೇ ಉಳಿಯಿತು. ಡಾಕ್ಟರು ತುಂಬ ಹೊತ್ತು ನೋಡಿದರು.

"ಮಗುವಿಗೆ ಹಾಕಿ," ಎಂದರು.

ಬಾಗಿಲ ಬಳಿಯ ಗಾಜಿನ ಪೆಟ್ಟಿಗೆಯಲ್ಲಿದ್ದ ಮಗುವಿನ ಬೆರಳುಗಳು ಅಕ್ಕಿಕಾಳಿನಷ್ಟಿದ್ದವು. ನನ್ನನ್ನು ಅಷ್ಟು ಒರಟಾಗಿ ಉಜ್ಜಿದ ಅದೇ ಕೈ, ಹೂವಿನ ಮೇಲಿನ ಇಬ್ಬನಿ ಕದಡದಷ್ಟು ಮೆತ್ತಗೆ ಬಿಲ್ಲೆ ಅಂಟಿಸಿತು. ದೀಪ ಉರಿಯುತ್ತಿತ್ತು, ಪಂಪು ಓಡುತ್ತಿತ್ತು. ಪರದೆಯ ಮೇಲೆ ಪುಟ್ಟ ಶಿಖರಗಳು ಗುಬ್ಬಚ್ಚಿ ಕುಪ್ಪಳಿಸಿದ ಹಾಗೆ ಒಂದರ ಹಿಂದೊಂದು ಬಂದವು. ನರ್ಸು ನಂಬದೆ ದೀಪ ಆರಿಸಿದಳು, ಮತ್ತೆ ಹಾಕಿದಳು. ಗುಬ್ಬಚ್ಚಿ ಬೆದರಲಿಲ್ಲ.

"ಇದು ಇಲ್ಲೇ ಇರಲಿ," ಎಂದರು ಡಾಕ್ಟರು.

ಆ ಕತ್ತಿನ ಬಗ್ಗೆ ಒಳ್ಳೆಯ ಮಾತೊಂದು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ನುಂಗಿಕೊಂಡೆ. ಅಂಗೈಯಗಲದ ಎದೆಯೊಂದು ಮಾತಾಡುತ್ತಿರುವಾಗ ನಡುವೆ ಬಾಯಿ ಹಾಕಲು ಮನಸ್ಸು ಬರಲಿಲ್ಲ.

ಬೀದಿಗೆ ಬಂದ ಮೇಲೂ ನಾನು ಮಾತಾಡದ್ದು ನೋಡಿ ಸೊಸೆ ಗಾಬರಿಯಾದಳು. "ಯಾಕತ್ತೆ, ಇಷ್ಟೊತ್ತು ಸುಮ್ನಿದ್ದೀರಿ? ಮೈ ಹುಷಾರಿದೆ ತಾನೇ?"

"ನಿನ್ನ ಪೆಟ್ಟಿಗೇನೇ ಕೇಳು," ಎಂದೆ. "ಅದಕ್ಕೆ ಎಲ್ಲಾ ಗೊತ್ತಾಗುತ್ತಲ್ಲ!"