ಬಂಡ್ರಿಯ ಕೆಂಪು ಚುಕ್ಕಿ

ಬೆಲ್ಲದ ಪಾಕ ಹದಕ್ಕೆ ಬರುವ ವಾಸನೆ. ಕಂಪ್ಲಿಯ ಆಲೆಮನೆಯಲ್ಲಿ ಕೊಪ್ಪರಿಗೆ ಕುದಿಯುತ್ತಿದ್ದರೆ ಅಪ್ಪ ಎರಡು ಗದ್ದೆ ಆಚೆ ನಿಂತೇ ಮೂಗೇರಿಸಿ, "ಇಳಸ್ರಲೇ, ಬಂತು" ಎಂದು ಕೂಗುತ್ತಿದ್ದ. ಒಮ್ಮೆಯೂ ತಪ್ಪಿದವನಲ್ಲ. ಹೊಸಪೇಟೆಯ ಈ ಏಸಿ ಕೋಣೆಗೆ ಯಾವ ವಾಸನೆಯೂ ನುಗ್ಗುವುದಿಲ್ಲ. ಇದು ಹೇಗೆ ಬಂತೆಂದು ರೇಣುಕಾದೇವಿಗೆ ತಿಳಿಯಲಿಲ್ಲ.

"ಸಿಕ್ಕಿಬಿದ್ದ ನೋಡ್ರಿ, ಡ್ರೈವರ್ ದುರುಗಣ್ಣ!" ಮ್ಯಾನೇಜರ್ ಸಿದ್ದಲಿಂಗೇಶ್ ಮೊಬೈಲ್ ಎತ್ತಿ ತೋರಿಸಿದ. "ಮಾಲಕರಿಗೂ ಮೆಸೇಜು ಹೋಗೇತಿ. ಮಸ್ತ್ ಕೆಲಸ ಮಾಡೀರಿ ಮೇಡಂ."

ಅದಿರಿನ ಲಾರಿಗಳಿಗೆಲ್ಲ ಕಳೆದ ವರ್ಷ ಒಂದೊಂದು ಕರಿ ಡಬ್ಬಿ ಹಾಕಿಸಿದ್ದರು. ಒಳಗೊಂದು ಸಿಮ್ಮು. ಲಾರಿ ಎಲ್ಲಿದೆ ಎಂಬುದನ್ನು ಅದು ಇಂಟರ್ನೆಟ್ಟಿಗೆ ಹೇಳುತ್ತಿತ್ತು, ಇಂಟರ್ನೆಟ್ಟು ಅವಳ ಕಂಪ್ಯೂಟರಿಗೆ. ಓಡುವ ಲಾರಿ ಹಸಿರು ಚುಕ್ಕಿ, ನಿಂತದ್ದು ಕೆಂಪು. ನಿಂತದ್ದಕ್ಕೆ ಕಾರಣ ಬರೆಯುವುದು ಎಂಸಿಎ ಓದಿದ ಅವಳ ಕೆಲಸ. ಮೊನ್ನೆ ಸೋಮವಾರ ಅವಳೇ ಹೊಸ ಏರ್ಪಾಡು ಮಾಡಿದ್ದಳು: ದಾರಿ ಬಿಟ್ಟು ಹದಿನೈದು ನಿಮಿಷ ನಿಂತರೆ ಡಬ್ಬಿಯೇ ಮಾಲಕರಿಗೆ ಮೆಸೇಜು ಕಳಿಸುತ್ತದೆ. ಯಾರೂ ಏನೂ ಬರೆಯಬೇಕಿಲ್ಲ.

ಆಗ ದುರುಗಣ್ಣ ಅವಳಿಗೆ ನೆನಪಾಗಿರಲಿಲ್ಲ.

ಅವನ ಮುಖವನ್ನು ಅವಳು ನೋಡಿದ್ದು ಒಮ್ಮೆ, ಆಯುಧ ಪೂಜೆಯ ದಿನ. ಡಬ್ಬಿಗೂ ವಿಭೂತಿ ಬಳಿದು ನಿಂಬೆಹಣ್ಣು ಕಟ್ಟಿದ್ದ. ಉಳಿದ ಡ್ರೈವರುಗಳು ನಕ್ಕರೆ, "ನಗಬ್ಯಾಡ್ರಲೇ, ಅದಕ್ಕ ಕಣ್ಣದಾವ" ಎಂದಿದ್ದ. ಆಮೇಲೆ ಅವನು ಬರೀ ಚುಕ್ಕಿ. ಲೋಡಿಗಾಗಿ ಯಶವಂತನಗರಕ್ಕೆ ಹೋಗುವ ಖಾಲಿ ಲಾರಿ ದಿನಕ್ಕೆರಡು ಸಲ ಬಂಡ್ರಿ ಕಡೆ ಹೊರಳಿ, ಹದಿನೆಂಟು ನಿಮಿಷ ಕೆಂಪಗೆ ನಿಲ್ಲುತ್ತಿತ್ತು. ಅವಳು ಫೋನು ಮಾಡಿ ಕೇಳಲಿಲ್ಲ. 'ಟೈರ್ ಚೆಕ್' ಎಂದು ಬರೆದುಬಿಡುತ್ತಿದ್ದಳು. ಹೀಗೆ ಎಂಟು ತಿಂಗಳು. ಅದು ತನ್ನ ಒಳ್ಳೆಯತನ ಎಂದುಕೊಂಡಿದ್ದಳು.

ಕೆಲಸ ಕಳೆದುಕೊಂಡ ದುರುಗಣ್ಣ ಮಧ್ಯಾಹ್ನ ಲಾರಿಯ ಚಾವಿ ಒಪ್ಪಿಸಲು ಬಂದ. ಚಪ್ಪಲಿ ಬಾಗಿಲಾಚೆ ಬಿಟ್ಟ.

"ಬಂಡ್ರ್ಯಾಗ ಯಾರದಾರಲೇ ನಿಂಗ?" ಸಿದ್ದಲಿಂಗೇಶ್ ಕೇಳಿದ.

"ಹೆಂಡ್ತಿ ಅದಾಳ್ರೀ."

"ಎಲ್ಲರಿಗೂ ಅದಾರಪ್ಪ. ಹಾಡಹಗಲ ಓಡಿಹೋಗ್ತಾರೇನು?" ಚಾವಿ ಕಿಸೆಗೆ ಹಾಕಿಕೊಂಡು ತನ್ನ ಕೋಣೆಗೆ ನಡೆದ.

ದುರುಗಣ್ಣ ಅವಳ ಮೇಜಿನ ಮುಂದೆ ನಿಂತ.

"ನೋಡ್ತಿದ್ರಲ್ರೀ ಮೇಡಂ. ಬ್ಯಾಡ ಅಂತ ಒಂದು ಮಾತು ಅಂದಿದ್ರ ಬಿಡ್ತಿದ್ದೆ."

"ನಾನು ಏನು ನೋಡ್ತಿದ್ದೆ?"

"ನನ್ನ ಹೆಂಡ್ತಿ ಹುಲುಗಮ್ಮನ್ನ. ಹಾಸಿಗಿ ಹಿಡಿದು ವರ್ಷಾತು, ಸೊಂಟದ ಕೆಳಗ ಜೀವಿಲ್ಲ. ಮಗ್ಗಲು ಹೊರಳಿಸಲಿಲ್ಲಂದ್ರ ಬೆನ್ನು ಹುಣ್ಣಾಗ್ತೈತಿ. ಡಬ್ಬಿ ಬಂದಾಗ ಭಾಳ ಅಂಜಿದ್ದೆ. ನೀವು ಸುಮ್ನಿದ್ರಿ. ಆಫೀಸ್ನಾಗ ಒಬ್ಬಾಕಿ ತಾಯಿ ಅದಾಳ, ಎಲ್ಲಾ ನೋಡಿನೂ ಸುಮ್ನ ಬಿಟ್ಟಾಳ ಅಂತ ಆಕಿಗೆ ಹೇಳಿದ್ದೆ." ಅವನು ತಲೆ ತಗ್ಗಿಸಿದ. "ಲಾರಿ ಸಪ್ಪಳ ಕೇಳಿದ್ರ ಸೆರಗು ಸರಿಮಾಡ್ಕೋತಿದ್ಲು. ಮೇಡಂ ನೋಡ್ತಾರಂತ."

ಪರದೆಯನ್ನು ಅವನ ಕಡೆ ತಿರುಗಿಸಬಹುದಿತ್ತು. ನೋಡಿ, ಬರೀ ಒಂದು ಚುಕ್ಕಿ, ಇಷ್ಟೇ ಕಾಣುವುದು, ಎನ್ನಬಹುದಿತ್ತು. ಅವಳ ಕೈ ಏಳಲಿಲ್ಲ.

"ಬೇರೆ ಕಡೆ ಕೆಲಸ..."

"ಎಲ್ಲಾ ಲಾರಿಗೂ ಡಬ್ಬಿ ಬಂದಾವಲ್ರೀ." ನಕ್ಕ. "ಇನ್ನ ಮನ್ಯಾಗ ಕುಂತು ತಾಸಿಗೊಮ್ಮೆ ಹೊರಳಿಸಬೋದು. ಉಣ್ಣಾಕೇನು ಅಂತ ಕೇಳ್ತಾಳ ಆಕಿ."

"ನಾನು ಸರ್‌ಗೆ ಹೇಳ್ತೀನಿ."

"ಹೇಳ್ರಿ" ಎಂದ, ಅವಳಿಗೆ ಕಷ್ಟ ಕೊಟ್ಟವನಂತೆ.

ಸಿದ್ದಲಿಂಗೇಶನ ಬಾಗಿಲು ಮುಚ್ಚಿತ್ತು. ಅವಳು ಅದನ್ನೇ ನೋಡಿದಳು. ಏಳಲಿಲ್ಲ. ದುರುಗಣ್ಣ ಅದನ್ನು ನೋಡಿದರೂ ನೋಡದವನಂತೆ ಗೋಡೆಯ ಕ್ಯಾಲೆಂಡರಿನತ್ತ ಮುಖ ಮಾಡಿದ.

"ಉಂಡ್ರೇನ್ರೀ?" ಅತ್ತಲೇ ನೋಡುತ್ತ ಕೇಳಿದ.

ಇಲ್ಲವೆಂದು ತಲೆಯಾಡಿಸಿದಳು.

"ಬರಿಗೈಲೆ ಹೋಗಬ್ಯಾಡ ಅಂದ್ಲು ಹುಲುಗಮ್ಮ. ರೊಟ್ಟಿ ನಾನ ಬಡಿದೀನ್ರಿ. ಹಂಚಿನ ಮ್ಯಾಲಿದ್ದಾಗ ಸಾಹೇಬ್ರ ಫೋನ್ ಬಂತು, ಜಲ್ದಿ ಕಟ್ಕೊಂಡು ಬಂದೆ."

ಟವೆಲಿನ ಗಂಟು ಬಿಚ್ಚಿ ಎರಡು ಜೋಳದ ರೊಟ್ಟಿ, ಪುಂಡಿಪಲ್ಯ ಅವಳ ಕೈಗಿಟ್ಟ.

ಮೇಲಿನ ರೊಟ್ಟಿಯ ಒಂದು ಮಗ್ಗಲು ಕರಕಾಗಿತ್ತು. ಇನ್ನೊಂದು ಬೆಂದೇ ಇರಲಿಲ್ಲ. ಹಸಿ ಹಿಟ್ಟಿನ ಮೇಲೆ ಅವನ ಐದೂ ಬೆರಳು ಮೂಡಿದ್ದವು.